ಆರಿಸಬಾರದ ಮೀಟರು

ಕೊನೆಯ ನೆಂಟರು ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ಎಂದಿನಂತೆ ನೀರು ಬಂತು. ಹಾಲಿನವನು ಎಂದಿನಂತೆ ಅದೇ ನೀರು ಬೆರೆಸಿ ಹಾಲು ತಂದ. ಸಿಂಧನೂರಿನಲ್ಲಿ ಏನೂ ಆಗಿರಲಿಲ್ಲ. ಅಮರಮ್ಮ ಮೂಲೆಯ ಕಡೆ ನೋಡಿದಳು. ಗಂಡನ ಫೋಟೋದ ಮುಂದಿನ ಹಣತೆ ಆರಿತ್ತು. ಪಕ್ಕದಲ್ಲಿದ್ದ ಮೀಟರಿನ ಕೆಂಪು ದೀಪ ಮಾತ್ರ ಉರಿಯುತ್ತಿತ್ತು.

ಅವಳ ಗಂಡ ವೆಂಕೋಬ ಪಂಪ್‌ಸೆಟ್ ಮೋಟಾರುಗಳ ರಿವೈಂಡಿಂಗ್ ಅಂಗಡಿ ಇಟ್ಟವನು. ಊರವರಿಗೆ ಮೋಟಾರು ನೀರೆತ್ತಿದರೆ ಸಾಕಿತ್ತು. ಅವನಿಗೆ ಒಂದು ಮೋಟಾರಾದರೂ ತನ್ನನ್ನು ತಾನೇ ಎತ್ತಿಕೊಳ್ಳಬೇಕೆಂಬ ಆಸೆ. ಟೇಪ್‌ರೆಕಾರ್ಡರಿನ ಮೋಟಾರು ಕೂರಿಸಿ ಥರ್ಮಾಕೋಲಿನ ವಿಮಾನ ಮಾಡಿದ. ಗೊರೇಬಾಳದ ಕೊಯ್ಲಾದ ಗದ್ದೆಯಲ್ಲಿ ಗೂಟ ನೆಟ್ಟು, ಗಾಣದೆತ್ತಿನ ಹಾಗೆ ಅದನ್ನು ತಂತಿಗೆ ಕಟ್ಟಿ, ಆ ತಂತಿಯಲ್ಲೇ ಬ್ಯಾಟರಿಯ ಕರೆಂಟು ಹರಿಸಿ ಸುತ್ತಿಸುತ್ತಿದ್ದ. ಬ್ಯಾಟರಿಗೂ ತಂತಿಗೂ ನಡುವೆ ಈ ಮೀಟರು. ಅಂಗೈಯಗಲದ ಡಬ್ಬಿ, ಹೋದ ಕರೆಂಟನ್ನು ಅಂಕಿಯಲ್ಲಿ ತೋರಿಸಿ, ಗಳಿಗೆಗಳಿಗೆಗೂ ನೆನಪಿನಲ್ಲಿಟ್ಟುಕೊಳ್ಳುತ್ತಿತ್ತು. ಲಿಂಗಸೂಗೂರಿನ ಕರಿಬಸಯ್ಯ ಮಾಸ್ತರರಿಂದ ಎರವಲು ತಂದದ್ದು.

ಕೊನೆಯ ಸಂಜೆ ಅವನು ಗದ್ದೆಯಿಂದ ಒಬ್ಬನೇ ಬಂದಿದ್ದ. ಮೈಯೆಲ್ಲ ಧೂಳು, ಮುಖದಲ್ಲಿ ನಗು.

"ಹಾರಿತೇನು?" ಎಂದು ಅವಳು ಕೇಳಿದ್ದಳು.

"ಬಾಯಿಮಾತು ಯಾಕ? ಏಳೋಮುಂದ ಮೋಟಾರು ಜಗ್ಗಿ ಕರೆಂಟ್ ತಿಂತೈತಿ, ಗಾಳ್ಯಾಗ ನಿಂತಮ್ಯಾಲೆ ಕಡಿಮಿ ತಿಂತೈತಿ. ಮಾಸ್ತರ್ ಕಂಪ್ಯೂಟರ್‌ದಾಗ ಗೆರೀನೇ ತೋರಿಸ್ತೀನಿ, ನೀನೇ ಹೇಳೀಯಂತ. ಅಲ್ಲೀತನಕ ಇದನ್ನ ಆರಿಸಬ್ಯಾಡ. ಆರಿಸಿದ್ರ ಎಲ್ಲಾ ಅಳಿಸಿ ಹೊಕ್ಕತಿ."

ಮರುದಿನ ಅಂಗಡಿಯ ಶಟರ್ ಎತ್ತುವಾಗ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ.

ಅಮರಮ್ಮ ಗುಲಬರ್ಗಾದಲ್ಲಿ ಇತಿಹಾಸ ಎಂ.ಎ. ಮಾಡಿದವಳು. ಸತ್ತ ರಾಜರ ತಾರೀಖು ಗೊತ್ತು, ಮೀಟರಿನ ಗುಂಡಿ ಗೊತ್ತಿಲ್ಲ. ಗಂಡ ಹೇಳಿದ್ದನ್ನಷ್ಟೇ ಹಿಡಿದುಕೊಂಡಳು. ಸೂತಕದ ದಿನಗಳು ಮುಗಿಯುವವರೆಗೂ ಹಣತೆಗೆ ಎಣ್ಣೆ, ಮೀಟರಿಗೆ ಚಾರ್ಜರು. ಯಾರೋ ನೆಂಟರು ಅದಕ್ಕೂ ವಿಭೂತಿ ಹಚ್ಚಿ ಕೈಮುಗಿದಿದ್ದರು.

ವಿಮಾನ ಹಾರಿತೋ ಇಲ್ಲವೋ? ಅಷ್ಟು ತಿಳಿದರೆ ಸಾಕಿತ್ತು ಅವಳಿಗೆ. ಮೀಟರನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕಿಟ್ಟು ಹೊಸ್ತಿಲು ದಾಟುವಷ್ಟರಲ್ಲಿ ಮನೆಯೊಡತಿ ಗುರುಲಿಂಗಮ್ಮ ಅಡ್ಡ ಬಂದಳು.

"ಎಲ್ಲಿಗ್ಹೊಂಟಿ ಯವ್ವಾ? ಮಂದಿ ಏನಂದಾರು?"

"ಅವ್ರು ಎರವಲು ತಂದಿದ್ದು ಕೊಟ್ಟು ಬರ್ತೀನ್ರಿ."

"ಅಯ್ಯ, ಸತ್ತವ್ರ ಎರವಲು ಮನ್ಯಾಗ ಇಟ್ಕೊಂಡು ಕುಂತೀಯಲ್ಲ! ಮೊದ್ಲು ಹೋಗು. ಬಸ್ ತಪ್ಪಿದ್ರ ಲಾರಿಗರ ಕೈ ಮಾಡು."

ಬಸ್ಸು ತಪ್ಪಲಿಲ್ಲ. ತಪ್ಪಿದ್ದರೆ ಚೆನ್ನಾಗಿತ್ತು.

ಸಿಂಧನೂರು ದಾಟುವ ಮುಂಚೆಯೇ ಕುಲುಕಾಟಕ್ಕೆ ಟವೆಲ್ಲು ಜಾರಿ ಕೆಂಪು ದೀಪ ಹೊರಗೆ ಇಣುಕಿತು. ಪಕ್ಕದಲ್ಲಿ ಕುಳಿತಿದ್ದ ಮುದುಕಿ ತಿಮ್ಮವ್ವ ಕೋಳಿಯ ಹಾಗೆ ಕತ್ತು ಚಾಚಿದಳು.

"ಏನಬೇ ಅದು, ಉರಿಯಾಕತ್ತೈತಿ?"

"ಮೀಟರ್ ಐತಿ ಆಯಿ. ಆಟದ ವಿಮಾನಕ್ಕ ಎಷ್ಟು ಕರೆಂಟ್ ಹೊಕ್ಕತಿ ಅಂತ ನೋಡೋದು."

"ಮುದುಕಿ ಅಂತ ಚ್ಯಾಷ್ಟಿ ಮಾಡ್ತಿ? ವಿಮಾನಕ್ಕ ಯಾರರ ಮೀಟರ್ ಕೂಡಸ್ತಾರೇನು?"

ಮುಂದಿನ ಸೀಟಿನ ಪಂಪಣ್ಣ ತಿರುಗಿದ. ಮಗನ ನಿಶ್ಚಯಕ್ಕೆಂದು ಹೆಂಡತಿ ಆದಮ್ಮನೊಂದಿಗೆ ಲಿಂಗಸೂಗೂರಿಗೆ ಹೊರಟವನು. ತೊಡೆಯ ಮೇಲಿನ ಡಬ್ಬಿಯಲ್ಲಿ ಸೊಸೆಗೆ ಮಾಡಿಸಿದ ಸರ. ಮೀಟರನ್ನು ನೋಡಿ, ಎಲ್ಲ ಬಲ್ಲವನಂತೆ ತಲೆಯಾಡಿಸಿದ.

"ನಮ್ಮ ಷಡ್ಡಕ ಹಟ್ಟಿ ಗಣ್ಯಾಗ ಅದಾನ. ಇಂಥಾವು ಅಲ್ಲಿ ಇರತಾವ. ಬಂಗಾರ ನೋಡೋ ಮಿಷನ್ ಇದು."

ಅಮರಮ್ಮ "ಅಲ್ರೀ" ಎನ್ನುವುದರೊಳಗೆ ಮಾತು ಬಸ್ಸಿನ ಹಿಂದಿನ ಸೀಟಿಗೆ ತಲುಪಿಬಿಟ್ಟಿತು. ತಿಮ್ಮವ್ವ ಅವಳ ಬರಿಗೊರಳನ್ನು ಅನುಮಾನದಿಂದ ನೋಡಿದಳು.

"ನಿನ್ನ ಮೈಮ್ಯಾಲೆ ಗುಂಜಿ ಬಂಗಾರಿಲ್ಲಲ್ಲ?"

ನಿಜ ಹೇಳಿದರೆ ಲಿಂಗಸೂಗೂರಿನವರೆಗೂ ಅಳುವವರು ಸಿಗುತ್ತಾರೆ. ಅಮರಮ್ಮನಿಗೆ ಅದು ಬೇಕಿರಲಿಲ್ಲ.

"ಮಿಷನ್ ಹಿಡಿಯೋರು ಬಂಗಾರ ಹಾಕ್ಕೋಬಾರದು ಆಯಿ."

ಮುಗಿಯಿತು. ತಿಮ್ಮವ್ವ ಕಿವಿಯ ಬುಗುಡಿ ಬಿಚ್ಚಿ, ಮೀಟರಿನಿಂದ ಇಳಿಬಿದ್ದಿದ್ದ ತಂತಿಗಳನ್ನು ಬೆವರುಗೈಯಲ್ಲಿ ಹಿಡಿದು ಅದಕ್ಕೆ ಒತ್ತಿದಳು. ಕೈ ತಾಗಿದ್ದಕ್ಕೆ ಅಂಕಿ ಮಿಡಿತೆಯಂತೆ ನೆಗೆಯಿತು. "ನಮ್ಮಪ್ಪ ಹಾಕಿದ್ದಬೇ," ಎಂದು ಮುದುಕಿ ಸುತ್ತಲೂ ನೋಡಿದಳು.

ಪಂಪಣ್ಣ ಸರ ತೆಗೆದು ಅದಕ್ಕೆ ತಂತಿಗಳನ್ನು ಒತ್ತಿದ. ಅವನ ಕೈ ಒಣಗಿತ್ತು. ಅಂಕಿ ಅಲುಗಾಡಲಿಲ್ಲ.

ಆದಮ್ಮ ಗಂಡನ ಕಡೆ ತಿರುಗಿದಳು.

"ನಿಮ್ಮ ಗೆಳ್ಯಾನ ಕೈಯಾಗ ಮಾಡಿಸಬ್ಯಾಡ ಅಂದೆ. ಕೇಳಿದ್ರ್ಯಾ? ಬೀಗರ ಮುಂದ ಹಿತ್ತಾಳಿ ಇಟ್ಟು ಕೈಮುಗೀರಿ ಈಗ."

"ಅವ ಹಂಗ ಮಾಡೋನಲ್ಲಲೇ."

"ಮಿಷನ್ ಸುಳ್ಳು ಹೇಳತೈತೇನು? ಅದಕ್ಕ ನಿಮ್ಮಂಗ ಗೆಳ್ಯಾರದಾರೇನು?"

"ಅಮ್ಮಾ, ಇದು ಬಂಗಾರದ್ದಲ್ರೀ," ಎಂದಳು ಅಮರಮ್ಮ. "ನೀ ಸುಮ್ನಿರವ್ವ, ಮುಚ್ಚಿಡಬ್ಯಾಡ," ಎಂದಳು ಆದಮ್ಮ.

ಮಸ್ಕಿ ನಿಲ್ದಾಣದಲ್ಲಿ ಪಂಪಣ್ಣ ಇಳಿದು, ಅಕ್ಕಸಾಲಿಗ ಗೆಳೆಯನನ್ನು ಹಿಡಿದು ಕೇಳಲು ಬಸ್ಸನ್ನು ಸಿಂಧನೂರಿಗೆ ತಿರುಗಿಸಬೇಕೆಂದು ಚಾಲಕನ ಬಾಗಿಲು ಹಿಡಿದು ನಿಂತ. ಕಂಡಕ್ಟರ್ ಮಕ್ತುಮ್‌ಸಾಬ್ ಸೀಟಿ ಊದಿ ಊದಿ ಸುಸ್ತಾಗಿ, ನೇರ ಅಮರಮ್ಮನ ಬಳಿ ಬಂದ.

"ಯಮ್ಮಾ, ಈ ಫಸಾದೆಲ್ಲ ನಿಮ್ಮ ಡಬ್ಬೀದು. ಬಂದ್ ಮಾಡ್ರಿ. ಇಲ್ಲಾಂದ್ರ ನಾನೇ ಮಾಡ್ತೀನಿ."

ಅವನ ಹೆಬ್ಬೆರಳು ಗುಂಡಿಯ ಹತ್ತಿರ ಬಂದಿತ್ತು. ಅಮರಮ್ಮ ಅಂಗೈಯಿಂದ ಗುಂಡಿ ಮುಚ್ಚಿದಳು. ಆ ಗುಂಡಿಯ ಹಿಂದೆ ಗೊರೇಬಾಳದ ಗದ್ದೆಯಿತ್ತು, ಧೂಳು ಮೆತ್ತಿದ ಒಂದು ನಗುವಿತ್ತು. ಜೀವಮಾನದಲ್ಲಿ ಆಡದಂಥ ದೊಡ್ಡ ಸುಳ್ಳನ್ನು ಅವಳು ಒಂದೇ ಉಸಿರಿಗೆ ಆಡಿದಳು.

"ಬಂದ್ ಮಾಡಿದ್ರ, ಇಲ್ಲೀತನಕ ಇದು ನೋಡಿದ ಬಂಗಾರೆಲ್ಲ ಹಿತ್ತಾಳಿ ಅಂತ ಕುಂದರತೈತ್ರಿ. ಆ ಸರದ್ದು ಕೈ ಒಣಗಿದ್ದಕ್ಕ ಹಂಗ ತೋರಿಸೇತಿ. ಅಮ್ಮಾವ್ರು ಕೈ ತೊಯಿಸ್ಕೊಂಡು ಹಿಡೀಲಿ."

ಆದಮ್ಮ ಕೈ ತೋಯಿಸಿಕೊಂಡು ಹಿಡಿದಳು. ಅಂಕಿ ಬುಗುಡಿಗಿಂತಲೂ ಮೇಲೆ ನೆಗೆಯಿತು. ಪಂಪಣ್ಣ ಮೀಸೆ ನೇವರಿಸುತ್ತ ಬಸ್ಸು ಹತ್ತಿದ. ಅಲ್ಲಿಂದಾಚೆ ಮೀಟರಿಗೆ ಅಂಗರಕ್ಷಕರಿಗೆ ಕೊರತೆಯಾಗಲಿಲ್ಲ. ಯಾರೂ ಗುಂಡಿ ಮುಟ್ಟದಂತೆ ತಿಮ್ಮವ್ವ ಸೆರಗು ಮುಚ್ಚಿ ಕುಳಿತಳು. ಒಬ್ಬರಾದ ಮೇಲೊಬ್ಬರು ಕೈ ತೋಯಿಸಿಕೊಂಡು ಮೂಗುತಿ, ಉಂಗುರ ಹಿಡಿದು ಬಂದರು. ಕೊನೆಗೆ ಮಕ್ತುಮ್‌ಸಾಬ್ ಕೂಡ ಮೆತ್ತಗೆ ಬೆರಳು ಚಾಚಿದ: "ನಮ್ಮ ಮಾವ ಕೊಟ್ಟಿದ್ದು. ಒಂದೀಟು ನೋಡ್ರಿ. ಜೋರಾಗಿ ಹೇಳಬ್ಯಾಡ್ರಿ."

ಲಿಂಗಸೂಗೂರಿನಲ್ಲಿ ಇಳಿದಾಗಲೂ ಕೆಂಪು ದೀಪ ಉರಿಯುತ್ತಿತ್ತು.

ಕರಿಬಸಯ್ಯ ಮಾಸ್ತರರು ಚಹಾ ತರಿಸಿ, ಮೀಟರಿನ ಬಾಲವನ್ನು ಕಂಪ್ಯೂಟರಿಗೆ ಸಿಕ್ಕಿಸಿದರು. ಕಪ್ಪು ತೆರೆಯ ಮೇಲೆ ಹಸಿರು ಗೆರೆ ಮೂಡಿತು. ನೆಲಕ್ಕಂಟಿದ ಹಾಗೆ ಸ್ವಲ್ಪ ದೂರ ಹೋಗಿ, ಟಣ್ಣನೆ ನೆಗೆದು, ಬಿತ್ತು. ಮತ್ತೆ ನೆಗೆಯಿತು.

ಅಮರಮ್ಮ ಚಹಾ ಕೆಳಗಿಟ್ಟಳು. "ಹಾರೇತೇನ್ರಿ ಸರ್?"

ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದು ವಿಮಾನದ್ದಲ್ಲಮ್ಮ. ಟೈಮ್ ನೋಡಿದ್ರ ಇವತ್ತಿಂದು. ಇದರಾಗ ಹಿಡಿಯೋದು ಸ್ವಲ್ಪೇ ಹೊತ್ತಿನ ಲೆಕ್ಕ. ಚಾಲೂ ಇದ್ದಷ್ಟು ಹೊತ್ತೂ ಬರಕೊಂತನ ಹೊಕ್ಕತಿ, ಹೊಸಾದು ಬಂದಂಗ ಹಳೇದು ಅಳಿಸತೈತಿ. ಯಾವಾಗಿಂದ ಚಾಲೂ ಇಟ್ಟೀರಿ?"

"ಅವತ್ತಿಂದ. ಆರಿಸಿದ್ರ ಹೊಕ್ಕತಿ ಅಂದಿದ್ರು."

"ಆರಿಸಿದ್ರ ಉಳೀತಿತ್ತಮ್ಮ," ಮಾಸ್ತರರು ನೆಲ ನೋಡುತ್ತ ಹೇಳಿದರು. "ಆಟ ಮುಗಿದ ಕೂಡಲೇ ಆರಿಸಪಾ ಅಂತ ಸಾರಿ ಸಾರಿ ಹೇಳಿದ್ದೆ. ವೆಂಕೋಬ ಉಲ್ಟಾ ಕೇಳ್ಕೊಂಡಾನ. ಯಾವಾಗ ಸರಿಯಾಗಿ ಕೇಳಿದಾನ ಅವ?"

ಅವಳು ಗೆರೆಯನ್ನೇ ನೋಡುತ್ತಿದ್ದಳು. ಅಳು ಬರಲಿಲ್ಲ. ಬರಬೇಕಾಗಿತ್ತೇನೋ.

ಮಾಸ್ತರರು ಗೆರೆಯ ಕಡೆ ಬೆರಳು ಮಾಡಿ ಕೇಳಿದರು. "ಇವೇನಮ್ಮ, ಇಷ್ಟೆತ್ತರ ಎದ್ದಾವು?"

"ಇದು ತಿಮ್ಮವ್ವನ ಬುಗುಡಿ ಸರ್. ಇದು ಸೊಸಿ ಸರ. ಇವು ಮೂಗುತಿ. ಇದು ಕಂಡಕ್ಟರ್ ಮಾವನ ಉಂಗುರ."

ಹೇಳುತ್ತ ಹೇಳುತ್ತ ಅವಳ ತುಟಿ ಅಲುಗಿತು. ಎಷ್ಟೋ ದಿನಗಳ ಮೇಲೆ ಬಂದ ನಗು, ದಾರಿ ಮರೆತಂತೆ ಅರ್ಧಕ್ಕೇ ನಿಂತಿತು.

"ಬೇಕಾದ್ರ ಇಟ್ಕೋರಿ ಇನ್ನೊಂದಿಷ್ಟು ದಿನ," ಎಂದರು ಮಾಸ್ತರರು.

ಅಮರಮ್ಮ ಮೀಟರಿಗೆ ಅಂಟಿದ ವಿಭೂತಿಯನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಿಂದ ಅವರಿಗೆ ಕೊಟ್ಟಳು.

"ಬ್ಯಾಡ್ರಿ. ಎರವಲು ತಂದ ಪಾತ್ರಿ ಬರಿದು ವಾಪಸ್ ಕೊಡಬಾರದು ಅಂತಾರಲ್ರಿ ಸರ್," ಎಂದಳು, "ತುಂಬೇ ಕೊಡಾಕತ್ತೀನಿ."