ಗಾಡಿ ತಡೆಯುತ್ತಿದ್ದ ಊರು

ನೆನಪುಗಳ ಬಗ್ಗೆ ನನಗೆ ಮೊದಲಿನಿಂದಲೂ ಅಷ್ಟೇನೂ ಗೌರವವಿಲ್ಲ. ಮಂಡಿನೋವು, ಸಕ್ಕರೆ ಕಾಯಿಲೆಗಳ ಹಾಗೆ ಅವೂ ನಿವೃತ್ತಿಯಾದ ಮೇಲೆ ಅಂಟಿಕೊಳ್ಳುತ್ತವೆ. ವ್ಯತ್ಯಾಸ ಇಷ್ಟೇ, ಮಂಡಿನೋವು ಬಂದವರು ಮನೆಯಲ್ಲಿ ಕೂರುತ್ತಾರೆ, ನೆನಪು ಬಂದವರು ವಾಟ್ಸಾಪ್ ಗುಂಪು ಕಟ್ಟುತ್ತಾರೆ. ನಮ್ಮೂರಿನವರು ಕಟ್ಟಿದ ಗುಂಪಿನ ಹೆಸರು ‘ನಮ್ಮ ನಿಲ್ದಾಣ, ನಮ್ಮ ಬಾಲ್ಯ’. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ, ರೈಲು ಒಂದು ನಿಮಿಷ ನಿಂತ ಶಾಸ್ತ್ರ ಮಾಡಿ ಹೊರಡುವ ಸಣ್ಣ ಊರು ನಮ್ಮದು. ಅಲ್ಲಿ ಹುಟ್ಟಿ, ಶಿವಮೊಗ್ಗದಲ್ಲಿ ಸೈಟು ಕೊಂಡು ಮನೆ ಕಟ್ಟಿ, ಆಮೇಲೆ ಆ ನಿಲ್ದಾಣದ ಕಡೆ ತಲೆ ಹಾಕಿಯೂ ಮಲಗದವರೆಲ್ಲ ಈ ಗುಂಪಿನಲ್ಲಿ ಬೆಳಗಾದರೆ ಕಣ್ಣೀರು ಸುರಿಸುತ್ತಾರೆ. ನನ್ನನ್ನು ಒಂದು ಮಾತೂ ಕೇಳದೆ ಸೇರಿಸಿದ್ದರು. ಬಿಟ್ಟು ಬರಬಹುದಿತ್ತು. ಆದರೆ ಬೇರೆಯವರ ಪೆದ್ದುತನವನ್ನು ದಿನವೂ ಪುಕ್ಕಟೆಯಾಗಿ ಓದುವ ಸುಖವನ್ನು ಯಾರು ತಾನೇ ಬಿಡುತ್ತಾರೆ?

ಅವರು ಬರೆಯುವಷ್ಟು ಚಂದವಾಗಿ ಅಲ್ಲೇನೂ ಇರಲಿಲ್ಲ. ನಿಲ್ದಾಣವೆಂದರೆ ಒಂದು ಹಂಚಿನ ಕೋಣೆ, ಒಂದು ಕಲ್ಲುಬೆಂಚು, ನೀರು ಬಾರದ ನಲ್ಲಿ ಮತ್ತು ಒಂದು ಹುಣಸೆಮರ. ಟಿಕೆಟ್ ಕೊಡುತ್ತಿದ್ದವರು ಕಮಿಷನ್ನಿಗೆ ಆ ಕೆಲಸ ಹಿಡಿದಿದ್ದ ಊರಿನ ಕಿರಾಣಿ ಅಂಗಡಿಯವರು. ಗಾಡಿಯ ಸದ್ದು ಕೇಳಿದ ಮೇಲೆ ಅವರು ತಕ್ಕಡಿ ಕೆಳಗಿಟ್ಟು ಬರುತ್ತಿದ್ದರು, ಬೆಲ್ಲ ತೂಗಿದ ಕೈಯಿಂದಲೇ ಟಿಕೆಟ್ ಹರಿಯುತ್ತಿದ್ದರು. ಭದ್ರಾವತಿ ತಲುಪುವಷ್ಟರಲ್ಲಿ ಜೇಬಿಗೆ ಇರುವೆ ಹತ್ತಿರುತ್ತಿತ್ತು. ನನ್ನ ಅಮ್ಮ ಬೆಳಗಿನ ಗಾಡಿ ಕೂಗಿದ ಮೇಲೆ ಅನ್ನಕ್ಕಿಡುತ್ತಿದ್ದಳು. ಗಾಡಿ ತಡವಾದರೆ ಊಟವೂ ತಡ. ಅಪ್ಪ ರೈಲ್ವೆಯವರನ್ನು ಬಿಟ್ಟು ಅಮ್ಮನನ್ನು ಬಯ್ಯುತ್ತಿದ್ದ. ಈ ಮಧುರ ಸ್ಮೃತಿಯನ್ನು ಗುಂಪಿನಲ್ಲಿ ಇದುವರೆಗೆ ಯಾರೂ ಹಾಕಿಲ್ಲ.

ಒಂದನ್ನು ಮಾತ್ರ ನಾನೂ ಒಪ್ಪುತ್ತೇನೆ, ಹೆಂಡತಿಗೆ ನೂರು ಸಲ ಹೇಳಿದ್ದೇನೆ ಕೂಡ. ನಮ್ಮೂರಿನಲ್ಲಿ ಗಾಡಿ ತಡೆಯುವ ಪದ್ಧತಿಯಿತ್ತು. ಹೊರಡುವ ಹೊತ್ತಿಗೆ ಯಾರಾದರೂ ಗದ್ದೆಯ ಬದುವಿನ ಮೇಲೆ ಓಡಿಬರುವುದು ಕಂಡರೆ, ಕೊನೆಗೆ ಹತ್ತುವವನು ಒಂದು ಕಾಲನ್ನು ಮೆಟ್ಟಿಲ ಮೇಲೆ, ಇನ್ನೊಂದನ್ನು ನೆಲದ ಮೇಲೆ ಇಟ್ಟು ನಿಂತುಬಿಡುತ್ತಿದ್ದ. “ತಡೀರಿ ಸ್ವಾಮಿ, ಇನ್ನೊಬ್ರು ಬರ್ತಿದಾರೆ” ಎಂದು ಗಾರ್ಡಿಗೆ ಕೂಗುತ್ತಿದ್ದ. ಓಡಿಬರುವವನು ಮಾತು ಬಿಟ್ಟ ದಾಯಾದಿಯೇ ಆಗಿದ್ದರೂ ಕಾಲು ತೆಗೆಯುವಂತಿರಲಿಲ್ಲ. ಗಾರ್ಡು ಗೊಣಗುತ್ತ ಹಸಿರು ಬಾವುಟವನ್ನು ಕಂಕುಳಲ್ಲೇ ಇಟ್ಟುಕೊಂಡಿರುತ್ತಿದ್ದ.

ಗುಂಪಿನ ಯಜಮಾನ ಪರಮೇಶಿ ನನ್ನ ಸಹಪಾಠಿ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಭಾಷಣ ಮಾಡಲು ಜಾಗ ಸಿಗದೆ ಒದ್ದಾಡುತ್ತಿದ್ದ. ಅವನು ಹೋದ ತಿಂಗಳು ಫೋನ್ ಮಾಡಿ, “ಭಾನುವಾರ ಬೆಳಿಗ್ಗೆ ಊರಿನ ಸ್ಟೇಷನ್ನಿಗೆ ಬಾ ಮಾರಾಯ. ಗಾಡಿಗೆ ಹಾರ ಹಾಕ್ತೀವಿ” ಎಂದ.

“ಯಾಕೆ, ಅದಕ್ಕೆ ಮದುವೆ ಗೊತ್ತಾಯ್ತಾ?” ಎಂದೆ.

“ನಿನಗೆ ಎಲ್ಲಾದರಲ್ಲೂ ಕುಹಕ. ಬಾಲ್ಯದ ಋಣ ಅಂತ ಒಂದಿರುತ್ತೆ ಕಣೋ.”

ಹೋದೆ. ರೈಲಿನ ಮೇಲಿನ ಪ್ರೀತಿಗೆ ಬಂದಿದ್ದ ಕಾರುಗಳು ಹುಣಸೆಮರದ ನೆರಳು ಸಾಲದೆ ಗದ್ದೆಗೂ ಇಳಿದಿದ್ದವು. ನಾನೂ ಶಿವಮೊಗ್ಗದ ನವುಲೆಯಲ್ಲಿರುವ ಮನೆಯಿಂದ ಕಾರಿನಲ್ಲೇ ಹೋಗಿದ್ದೆ. ಆದರೆ ನನಗೆ ರೈಲೆಂದರೆ ಪ್ರಾಣ ಎಂದು ನಾನೆಂದೂ ಹೇಳಿಕೊಂಡವನಲ್ಲ. ಪೆಂಡಾಲು, ಮೈಕು, ಉಪ್ಪಿಟ್ಟು, ಕೇಸರಿಬಾತು ಎಲ್ಲ ಇತ್ತು. ಪರಮೇಶಿ ಶಾಲು ಹೊದ್ದು, “ಅಂದು ಈ ನೆಲದಲ್ಲಿ ಗಾಡಿ ಮನುಷ್ಯನಿಗಾಗಿ ಕಾಯುತ್ತಿತ್ತು ಬಂಧುಗಳೇ” ಎಂದು ಗದ್ಗದನಾದ. ಅವನು ಗದ್ಗದನಾದದ್ದು ಮೈಕು ಸರಿಯಾಗಿ ಹಿಡಿದುಕೊಂಡ ಮೇಲೆ. ಇದನ್ನೆಲ್ಲ ವಿಡಿಯೋ ಮಾಡಿಕೊಂಡು ಹೋಗಿ ಹೆಂಡತಿಗೆ ತೋರಿಸಿ ಒಂದು ವಾರ ನಗಬೇಕೆಂದು ನಾನು ಫೋನು ಹೊರತೆಗೆದೆ.

ಗಾಡಿ ಬಂತು. ನಮ್ಮ ಪ್ಲಾಟ್‌ಫಾರಂ ಗಿಡ್ಡ, ಎರಡೇ ಡಬ್ಬಿಗಳ ಬಾಗಿಲಿಗೆ ಸಿಗುತ್ತದೆ. ಆ ಬಾಗಿಲುಗಳಿಗೆಲ್ಲ ನಮ್ಮ ಬಂಧುಗಳು ಸೆಲ್ಫಿಗೆ ಮುತ್ತಿಕೊಂಡರು. ಎಂಜಿನ್ನಿಗೆಂದು ತಂದಿದ್ದ ಹಾರ ಅದರ ಮೂಗಿಗೂ ಸಾಲಲಿಲ್ಲ. ಪರಮೇಶಿ ಕುರ್ಚಿ ಹತ್ತಿ ಎಸೆದ, ಹಾರ ಅವನ ಕೊರಳಿಗೇ ವಾಪಸು ಬಂತು. ಇದೆಲ್ಲ ಒಂದೂ ಬಿಡದಂತೆ ಸಿಗುವ ಒಳ್ಳೆಯ ಜಾಗ ನೋಡಿ ನಿಂತು ನಾನು ಚಿತ್ರೀಕರಿಸಿದೆ. ಗಾಡಿ ಕೂಗಿ ಹೊರಟೇಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತಾಗ, ತಲೆಯ ಮೇಲೆ ಬುಟ್ಟಿ ಹೊತ್ತು ಹಳಿಯನ್ನೇ ನೋಡುತ್ತ ನಿಂತಿದ್ದ ರುದ್ರಮ್ಮ ಕಂಡರು. ಊರಿನಲ್ಲೇ ಉಳಿದವರು, ದಿನವೂ ಇದೇ ಗಾಡಿಗೆ ಭದ್ರಾವತಿಗೆ ಸೊಪ್ಪು ಒಯ್ದು ಮಾರುವವರು. ಅಷ್ಟು ಜನರಲ್ಲಿ ಟಿಕೆಟ್ ತೆಗೆದುಕೊಂಡಿದ್ದವರು ಅವರೊಬ್ಬರೇ.

“ಮುಗೀತಾ ನಿಮ್ದು?” ಎಂದರು. “ನಾನೀಗ ಹೆಂಗೆ ಹೋಗ್ಲಿ? ಬಿಸಿಲೇರಿದ್ರೆ ಈ ಸೊಪ್ಪು ದನಕ್ಕೇ ಸರಿ.”

“ಉಪ್ಪಿಟ್ಟು ತಿನ್ನಮ್ಮ ಮೊದ್ಲು” ಎಂದ ಪರಮೇಶಿ.

ನನಗೆ ಮೈಯೆಲ್ಲ ಉರಿದುಹೋಯಿತು. ಆಚಾರ ಹೇಳೋದಕ್ಕೆ ಬದನೇಕಾಯಿ ತಿನ್ನೋದಕ್ಕೆ ಎಂದು ಅವನಿಗೆ ಅಲ್ಲೇ ಅಂದು, ರುದ್ರಮ್ಮನ ಬುಟ್ಟಿಯನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ಭದ್ರಾವತಿಗೆ ಹೊರಟೆ. ದಾರಿಯುದ್ದಕ್ಕೂ ನಾನು ಬಯ್ಯುತ್ತಿದ್ದೆ, ಅವರು ಕೇಳುತ್ತಿದ್ದರು.

“ಬಾಗಿಲಿಗೆ ಅಡ್ಡ ನಿಂತಿದ್ದು ಯಾರು ಹೇಳಿ ರುದ್ರಮ್ಮ. ಗುಂಪಲ್ಲೇ ಮಂಗಳಾರತಿ ಎತ್ತುತ್ತೀನಿ.”

“ಯಾರೋ ಮೊಬೈಲ್ ಹಿಡ್ಕೊಂಡ್ ನಿಂತಿದ್ರು.”

“ಅಂಥವರನ್ನ ನೂಕ್ಕೊಂಡೇ ಹತ್ತಬೇಕಿತ್ತು ನೀವು. ನಾಚಿಕೆ ಇಲ್ಲದ ಜನ.”

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. “ಹೋಗ್ಲಿ ಬಿಡಿ ಸ್ವಾಮಿ. ಕಾರಲ್ಲಿ ಕರ್ಕೊಂಡ್ ಹೋಗ್ತಿದೀರಲ್ಲ” ಎಂದರು. ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಇಳಿಯುವಾಗ ಬೇಡವೆಂದರೂ ಎರಡು ಕಟ್ಟು ದಂಟಿನ ಸೊಪ್ಪು ಸೀಟಿನ ಮೇಲಿಟ್ಟು ಹೋದರು.

ಮನೆಯಲ್ಲಿ ಹೆಂಡತಿ ಆ ಸೊಪ್ಪನ್ನೇ ಸೋಸುತ್ತ ಕೂತಿದ್ದಾಗ, “ನೋಡು ಈ ಕೋತಿಗಳ ಕುಣಿತವನ್ನು” ಎಂದು ಪಕ್ಕದಲ್ಲಿ ಕೂತು ವಿಡಿಯೋ ಹಾಕಿದೆ. ಪರಮೇಶಿ ಕುರ್ಚಿ ಹತ್ತಿದ, ಹಾರ ವಾಪಸು ಬಂತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ನಗಲಿಲ್ಲ. “ಸ್ವಲ್ಪ ಸೌಂಡು ಜಾಸ್ತಿ ಮಾಡಿ” ಎಂದಳು.

ಮಾಡಿದೆ. ಗದ್ದಲದ ನಡುವೆ ಹಿಂದಿನಿಂದ ಒಂದು ಹೆಣ್ಣುದನಿ: “ಸ್ವಲ್ಪ ಸರೀರಿ ಸ್ವಾಮಿ, ಹತ್ಬೇಕು.” ಮತ್ತೆ ಅದೇ ಮಾತು, ಇನ್ನೂ ಹತ್ತಿರದಿಂದ. ಆಮೇಲೆ ಫೋನಿಗೆ ಬಾಯಿ ತಗಲಿಸಿದಷ್ಟು ಸ್ಪಷ್ಟವಾಗಿ ಒಂದು ಗಂಡುದನಿ: “ತಡೀರಮ್ಮ, ವಿಡಿಯೋ ಮಾಡ್ತಿರೋದು ಕಾಣ್ಸಲ್ವಾ?”

ಗಾಡಿ ಕೂಗಿತು. ಫೋನು ಕೆಳಗೆ ವಾಲಿ ನನ್ನ ಚಪ್ಪಲಿಗಳು ಕಾಣಿಸಿದವು. ಚಿತ್ರ ಎತ್ತರದಿಂದ ಬರಲೆಂದು ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ.

“ನಿಮ್ಮೂರಿನ ಪದ್ಧತಿ ಅಂತ ಹೇಳ್ತಿದ್ರಲ್ಲ, ಇದೇನಾ?” ಎಂದು ಕೇಳಿ ಅವಳು ಸೊಪ್ಪಿನ ಬೇರು ಮುರಿದಳು.

ಸಂಜೆ ಪರಮೇಶಿ ಗುಂಪಿನಲ್ಲಿ ಕೇಳಿದ: “ನೀನು ಒಳ್ಳೇ ಜಾಗದಲ್ಲಿ ನಿಂತಿದ್ದೆ ಮಾರಾಯ, ನಿನ್ನ ವಿಡಿಯೋ ಹಾಕು.” ಸರಿಯಾಗಿ ಬಂದಿಲ್ಲ ಎಂದು ಬರೆದೆ.