ಸೋಲಾರ್ ಗಾಜು, ಅತ್ತೆಯ ಸಂಡಿಗೆ

ಮನೆಯಲ್ಲಿ ಏನಾದರೂ ಒಡೆದರೆ ಹೇಗೆ ಒಡೆಯಿತು ಎಂದು ಕೇಳುವವರು ಕೆಲವರು, ಯಾರು ಒಡೆದರು ಎಂದು ಕೇಳುವವರು ಕೆಲವರು. ನಾನು ಎರಡನೆಯ ಗುಂಪಿನವಳು. ಲೋಟ ಬಿದ್ದ ಸದ್ದು ಕೇಳಿದರೆ ಸಾಕು, ಅಡುಗೆಮನೆಗೆ ಹೋಗುವ ಮೊದಲೇ ನನ್ನ ತೀರ್ಪು ಸಿದ್ಧ. ನನ್ನ ಗಂಡ ಕುರೆಕುಪ್ಪದ ಕಡೆ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಮಾಡುವುದೇ ಇದಕ್ಕೆ ಹೆದರಿ ಎಂದು ಕಂಪ್ಲಿಯಲ್ಲಿರುವ ನಾದಿನಿ ಆಡಿಕೊಳ್ಳುತ್ತಾಳೆ.

ಮಲಪನಗುಡಿಯ ನಮ್ಮ ಮನೆ ಹಿಂದಿನ ಬಾಳೆತೋಟದಲ್ಲಿ ಬೋರಿನ ಪಂಪಿಗೆಂದು ಸೋಲಾರ್ ಹಾಕಿಸಿದ್ದೇವೆ. ಮಾಳಿಗೆಯ ಮೇಲಲ್ಲ, ನೆಲದಲ್ಲೇ, ಮೊಣಕಾಲೆತ್ತರಕ್ಕೆ. ಸುತ್ತ ಹುಲ್ಲು ಬೆಳೆದು ಪ್ಯಾನೆಲ್ಲಿಗೆ ನೆರಳು ಬೀಳುತ್ತದೆಂದು ನಾನೇ ಹಟ ಹಿಡಿದು ಹೊಸಪೇಟೆಯಿಂದ ಹುಲ್ಲು ಕತ್ತರಿಸುವ ಮಷಿನ್ ತಂದೆ. ಹೆಗಲಿಗೆ ಬೆಲ್ಟು, ಕಣ್ಣಿಗೆ ದಪ್ಪ ಕನ್ನಡಕ, ಕಿವಿಗೆ ಹಾಡು ಕೇಳಲು ಇಯರ್‌ಫೋನ್. ಆ ವೇಷದಲ್ಲಿ ನನ್ನನ್ನು ಕಂಡು ಪಕ್ಕದ ಹೊಲದ ಎತ್ತು ಹಿಂದೆ ಸರಿದದ್ದುಂಟು. ಇಷ್ಟು ಆರೈಕೆ ಮಾಡಿದರೂ ಒಂದು ಪ್ಯಾನೆಲ್ಲಿನ ಗಾಜು ಪೂರ್ತಿ ಬಿರುಕುಬಿಟ್ಟಿತು. ಕೆಲವು ದಿನಕ್ಕೆ ಇನ್ನೊಂದು.

ಮೊದಲು ಹಂಪಿ ಕಡೆಯಿಂದ ಬರುವ ಕೋತಿಗಳ ಮೇಲೆ ಅನುಮಾನ ಬಂತು. ಆದರೆ ಬಾಳೆಗೊನೆ ಬಿಟ್ಟು ಗಾಜಿಗೆ ಕೈಹಾಕುವಷ್ಟು ದಡ್ಡ ಕೋತಿ ನಮ್ಮ ಸೀಮೆಯಲ್ಲಿಲ್ಲ. ಬಿಸಿಲಿಗೆ ಸಿಡಿಯಿತೇ ಎಂದರೆ, ಬಿಸಿಲಲ್ಲಿ ಇಡಲೆಂದೇ ಮಾಡಿದ ವಸ್ತು ಅದು. ಕೊನೆಗೆ ಉಳಿದವರು ಅತ್ತೆ. ಅವರು ಆ ಪ್ಯಾನೆಲ್ಲುಗಳ ಮೇಲೆ ಹಳೆ ಸೀರೆ ಹಾಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಕಲ್ಲು ಹೇರಿ, ಸಂಡಿಗೆ ಒಣಗಿಸುತ್ತಿದ್ದರು. ಗಾಜು ಬಿಸಿಯಾಗುವುದರಿಂದ ಒಂದೇ ದಿನಕ್ಕೆ ಗರಿಗರಿ ಆಗುತ್ತವೆಂಬ ಸಂತೋಷ ಅವರಿಗೆ. ಕಲ್ಲು ಎಂದ ಮೇಲೆ ಇನ್ನೇನು ಬೇಕು? ಪ್ಯಾನೆಲ್ ಮೇಲೆ ಇನ್ನು ಸಂಡಿಗೆ ಬೇಡವೆಂದು ಹೇಳಿಬಿಟ್ಟೆ. ಅತ್ತೆ ಸೀರೆ ಮಡಚಿಕೊಂಡು ಹೋದರು.

ಅಲ್ಲಿಂದ ಮುಂದೆ ಒಂದು ಗಾಜೂ ಒಡೆಯಲಿಲ್ಲ. ನನ್ನ ಪತ್ತೇದಾರಿಕೆಯನ್ನು ನಾನೇ ಮೆಚ್ಚಿಕೊಂಡು ಓಡಾಡಿದೆ. ಒಂದು ಬೆಳಿಗ್ಗೆ ನೋಡಿದರೆ, ಅತ್ತೆ ಪ್ಯಾನೆಲ್ಲಿನ ಪಕ್ಕ ನಿಂತಿದ್ದಾರೆ, ಸೆರಗಿನ ತುಂಬ ಕಲ್ಲು!

"ಮತ್ತ ಸಂಡಿಗೆನ ಏನ್ರಿ ಅತ್ತಿ?" ಎಂದೆ. ಕೇಳಿದ ದನಿ ಚೆನ್ನಾಗಿರಲಿಲ್ಲ, ನನಗೂ ಗೊತ್ತಾಯಿತು. ಅವರು ಕಲ್ಲುಗಳನ್ನು ಬೇಲಿಯಾಚೆ ಸುರಿದು ಒಳಗೆ ಹೋದರು. ಮಾರನೆಯ ದಿನವೇ, ಕಂಪ್ಲಿಗೆ ಮಗಳ ಮನೆಗೆ ಹೋಗುತ್ತೇನೆ, ಇನ್ನು ಅಲ್ಲೇ ಇರುತ್ತೇನೆ ಎಂದು ಬಟ್ಟೆ ಚೀಲಕ್ಕೆ ತುಂಬತೊಡಗಿದರು. ಸಿಟ್ಟೋ ಸಂಕಟವೋ ತಿಳಿಯದೆ ಮಷಿನ್ ಎತ್ತಿಕೊಂಡು ತೋಟಕ್ಕೆ ಹೋದೆ.

ಆ ದಿನ ಇಯರ್‌ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಅದಕ್ಕೇ ಕೇಳಿಸಿತು. ಮಷಿನ್ನಿನ ಬಾಯಿಗೆ ಸಿಕ್ಕಿದ ಒಂದು ಕೆಂಪು ಅದಿರುಗಲ್ಲು ಟಣ್ ಎಂದು ಹಾರಿ ಪ್ಯಾನೆಲ್ಲಿಗೆ ಬಡಿಯಿತು. ನೋಡುತ್ತಿದ್ದಂತೆ ಇಡೀ ಗಾಜು ಬಿರಿಯಿತು. ಇಷ್ಟು ದಿನ ಒಡೆಯದ್ದು ಈಗೇಕೆ ಒಡೆಯಿತು ಎಂದುಕೊಂಡಾಗಲೇ ಆ ಸೆರಗಿನ ಕಲ್ಲುಗಳು ನೆನಪಾದವು. ಅತ್ತೆ ದಿನವೂ ಹುಲ್ಲಿನೊಳಗಿನ ಕಲ್ಲು ಆರಿಸುತ್ತಿದ್ದರು. ಇವತ್ತು ಚೀಲ ತುಂಬುತ್ತಿದ್ದರು.

ಓಡಿದೆ. ಅವರು ಚಪ್ಪಲಿ ಮೆಟ್ಟುತ್ತಿದ್ದರು.

"ನಿಮಗ ಗೊತ್ತಿತ್ತೇನ್ರಿ ಅತ್ತಿ?"

"ಎರಡನೇದು ಒಡೆದಾಗ ಅಲ್ಲೇ ಹೊರಸಿನ ಮ್ಯಾಲ ಕುಂತಿದ್ದೆ."

"ಮತ್ತ ಹೇಳಬಾರದಿತ್ತೇನ್ರಿ?"

"ಹೇಳಿದ್ರ ನೀ ಮಷಿನ್ ಮೂಲಿಗಿಡ್ತಿದ್ದಿ. ಅದನ್ನ ಹಾಕ್ಕೊಂಡಾಗ ನೀ ಹಾಡು ಹೇಳ್ತಿ. ಈ ಮನಿಗೆ ಬಂದಾಗಿಂದ ನೀ ಹಾಡಿದ್ದು ನಾ ಕೇಳಿದ್ದಿಲ್ಲ."

ನಾನು ಹಾಡುತ್ತೇನೆಂಬುದು ನನಗೇ ಗೊತ್ತಿರಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ. ತಪ್ಪಾಯಿತೆಂದು ಹೇಳಿದ್ದು ಅವರಿಗೆ ಅರ್ಥವಾಯಿತೋ ಇಲ್ಲವೋ, ನನ್ನ ತಲೆಯ ಮೇಲೆ ಕೈಯಿಟ್ಟರು. ಚೀಲವನ್ನು ನಾನೇ ಒಳಗೆ ಒಯ್ದೆ.

ಈಗ ಇಬ್ಬರೂ ಸೇರಿ ಕಲ್ಲು ಆರಿಸುತ್ತೇವೆ, ಸಂಡಿಗೆ ಹಗ್ಗದ ಹೊರಸಿನ ಮೇಲೆ ಒಣಗುತ್ತದೆ. ಹುಲ್ಲು ಇಲ್ಲದ ದಿನವೂ ಅತ್ತೆ ಕರೆದು ಕೂರಿಸಿಕೊಂಡು ಹಾಡು ಹೇಳಿಸುತ್ತಾರೆ. ನನ್ನ ಕಂಠದ ಮೇಲೆ ಇಷ್ಟು ಅಭಿಮಾನವೇ ಎಂದು ಉಬ್ಬಿಹೋಗಿದ್ದೆ. ಮೊನ್ನೆ ಅವರು ನಾದಿನಿಗೆ ಫೋನಿನಲ್ಲಿ ಹೇಳುತ್ತಿದ್ದುದು ಕಿವಿಗೆ ಬಿತ್ತು. ನಾನು ಹಾಡುತ್ತಿದ್ದರೆ ಸಂಡಿಗೆಯ ಹತ್ತಿರ ಒಂದು ಕಾಗೆಯೂ ಸುಳಿಯುವುದಿಲ್ಲವಂತೆ.