ಎದುರು ಮನೆಯ ಸೆನೆಟ್ ಚುನಾವಣೆ

ಕೀಟಲೆ ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಮಾಡಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದಿದೆಯಲ್ಲ, ಅದು ವಿದ್ಯೆ. ಅದರಲ್ಲಿ ನನ್ನನ್ನು ಮೀರಿಸುವವರು ಅಮೆರಿಕದ ಈ ಡಬ್ಲಿನ್ನಿನಲ್ಲಿರಲಿ, ಮೈಲುಗಟ್ಟಲೆ ದೂರದ ಗಿಲ್‌ರಾಯ್‌ವರೆಗೆ ಹುಡುಕಿದರೂ ಸಿಗಲಾರರು. ತುಮಕೂರಿನಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ಸ್ಕೂಲಿನ ಗಂಟೆ ಬಾರಿಸುವ ಸುತ್ತಿಗೆಯನ್ನು ಹೆಡ್‌ಮಾಸ್ಟರ ಮಡಿಚಿಟ್ಟ ಕೊಡೆಯೊಳಗೇ ಬಚ್ಚಿಟ್ಟಿದ್ದೆ. ಇಡೀ ಕ್ಲಾಸಿಗೆ ಏಟು ಬಿತ್ತು, ನನಗೂ ಬಿತ್ತು, ಮಳೆ ಬಂದ ದಿನ ಸುತ್ತಿಗೆ ಅವರ ತಲೆಯ ಮೇಲೂ ಬಿತ್ತು. ನಾನು ಮಾತ್ರ ಬಾಯಿ ಬಿಡಲಿಲ್ಲ. ಹೀಗೆ ಅರವತ್ತು ವರ್ಷ ಕಾಪಾಡಿಕೊಂಡು ಬಂದಿದ್ದ ನನ್ನ ಮೌನವ್ರತವನ್ನು ಈ ಸಲದ ಸೆನೆಟ್ ಚುನಾವಣೆ ಕೆಡಿಸಿತು. ಸೆನೆಟ್ ಎಂದರೆ ವಾಷಿಂಗ್ಟನ್ನಿನದಲ್ಲ, ನಮ್ಮ ರಾಜ್ಯದ್ದು. ಊರಿನ ವಿಧಾನ ಪರಿಷತ್ತಿನ ಹಾಗೆ ಮೇಲ್ಮನೆ, ಆದರೆ ಇಲ್ಲಿ ನೇರವಾಗಿ ನನ್ನಂಥವರೇ ವೋಟು ಹಾಕಿ ಕಳಿಸಬೇಕು.

ನನಗೂ ಸೆನೆಟ್ಟಿಗೂ ಏನು ಸಂಬಂಧ ಎನ್ನುತ್ತೀರಾ? ವ್ಯಾನು. ಹೋದ ವರ್ಷ ಗ್ಯಾರೇಜಿನ ಬಾಗಿಲು ಪೂರ್ತಿ ಮೇಲೇಳುವ ಮೊದಲೇ ನಾನು ಕಾರು ಹೊರಡಿಸಿದೆ. ತಪ್ಪು ಬಾಗಿಲಿನದು, ಬಹಳ ನಿಧಾನ. ಆದರೆ ನನ್ನ ಹೆಂಡತಿ ಸರೋಜ ಅಂದಿನಿಂದ ಕಾರಿನ ಕೀಲಿಯನ್ನು ಎಲ್ಲಿಟ್ಟಿದ್ದಾಳೋ ಆ ಪರಮಾತ್ಮನಿಗೇ ಗೊತ್ತು. ಸಾಸಿವೆ ಡಬ್ಬಿಯಲ್ಲಂತೂ ಇಲ್ಲ, ನೋಡಿದ್ದೇನೆ. ಈಗ ನಾನು ವಯಸ್ಸಾದವರೆಲ್ಲ ಸೇರುವ ಸೀನಿಯರ್ ಸೆಂಟರಿಗೆ ಹೋಗಿ ನಾಲ್ಕು ಜನರನ್ನು ರೇಗಿಸಿ ಬರಬೇಕೆಂದರೆ ಮನೆ ಬಾಗಿಲಿಗೆ ಬರುವ ವ್ಯಾನೇ ಗತಿ. ಆ ವ್ಯಾನು ನಿಂತುಹೋಗುತ್ತದೆಂಬ ಸುದ್ದಿ ಹಬ್ಬಿದಾಗಲೇ ಸೆನೆಟ್ಟಿಗೆ ನಿಂತಿದ್ದ ಒಬ್ಬ ಹೆಂಗಸು ಸೆಂಟರಿಗೆ ಬಂದು, ಗೆದ್ದರೆ ವ್ಯಾನು ನಿಲ್ಲಲು ಬಿಡುವುದಿಲ್ಲ ಎಂದರು. ನಾನು ಎದ್ದು ನಿಂತು, ನಮ್ಮ ಬೀದಿಯ ಹತ್ತೂ ಮನೆಯ ವೋಟು ನಿಮಗೇ, ಒಂದು ತಪ್ಪಿದರೂ ನನ್ನ ಹೆಸರು ಮೂರ್ತಿಯಲ್ಲ ಎಂದು ಇಂಗ್ಲಿಷಿನಲ್ಲಿ ಘೋಷಿಸಿದೆ. ಆಕೆ ನನ್ನ ಹೆಸರನ್ನು ಬರೆದುಕೊಂಡರು. ಹೆಸರು ಬರೆಸಿದ ಮೇಲೆ ಹಿಂದೆ ಸರಿಯುವ ವಂಶ ನಮ್ಮದಲ್ಲ.

ಅವರ ಹೆಸರಿನ ಬೋರ್ಡನ್ನು ನನ್ನ ಮನೆ ಮುಂದಿನ ಹುಲ್ಲಿನಲ್ಲಿ ನಾನೇ ನೆಟ್ಟೆ. ಇಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ, ತುಂಬಿ ವೋಟಿನ ಡಬ್ಬಿಗೆ ಹಾಕಿದರಾಯಿತು. ಅದು ಬಂದ ದಿನ ಸ್ನಾನ ಮಾಡಿ, ಊಟದ ಮೇಜಿನ ಮೇಲೆ ಬಿಡಿಸಿಕೊಂಡು ಕೂತೆ. ಆಯಮ್ಮನ ಹೆಸರು ಮೇಲಿಲ್ಲ, ಕೆಳಗಿಲ್ಲ, ಹಿಂದೆಯೂ ಇಲ್ಲ. ಸರೋಜ ಕನ್ನಡಕ ಏರಿಸಿಕೊಂಡು ಜೊತೆಗೆ ಬಂದ ಪುಸ್ತಕ ಓದಿದಳು.

"ರೀ, ಸೆನೆಟ್ ಡಿಸ್ಟ್ರಿಕ್ಟು, ಅಂದ್ರೆ ಕ್ಷೇತ್ರದ ಗೆರೆ ನಮ್ಮ ಬೀದಿ ಮಧ್ಯದಲ್ಲೇ ಹೋಗಿದೆ. ಸೆನೆಟ್ ಎಲೆಕ್ಷನ್ನು ಎದುರು ಸಾಲಿಗೆ ಮಾತ್ರ ಕಣ್ರೀ. ಒಂದು ಸಲಕ್ಕೆ ಅರ್ಧ ಕ್ಷೇತ್ರಗಳಿಗಷ್ಟೇ, ನಮ್ಮ ಸಾಲಿಗೆ ಇನ್ನೆರಡು ವರ್ಷ ಆದ್ಮೇಲಂತೆ."

"ಅಂದ್ರೆ ನಾನು ಇಷ್ಟು ದಿನ ಮಾಡಿದ್ದು?"

"ಪಕ್ಕದೂರಿನ ಮದುವೇಲಿ ಬಡಿಸಿದ್ದು."

ಬೇರೆ ಯಾರಾದರೂ ಆಗಿದ್ದರೆ ಬೋರ್ಡು ಕಿತ್ತು ಗ್ಯಾರೇಜಿಗೆ ಎಸೆಯುತ್ತಿದ್ದರು. ನಾನು ಸೊಂಟ ಕಟ್ಟಿ ನಿಂತೆ. ಹತ್ತು ಹೋಗಿ ಐದಾಯಿತು, ಆ ಐದನ್ನು ತರದೆ ಬಿಡುವವನಲ್ಲ. ಎದುರು ಸಾಲಿನ ನಾಲ್ಕು ಮನೆಗಳಲ್ಲಿ ದಿನಕ್ಕೊಂದರಂತೆ ಕೂತು ವ್ಯಾನಿನ ಮಹಿಮೆಯನ್ನು ವರ್ಣಿಸಿದೆ. ನನ್ನ ವಾದಕ್ಕೆ ಸೋತರೋ, ನಾನು ಎದ್ದು ಹೋದರೆ ಸಾಕೆಂದು ಸೋತರೋ, ನಾಲ್ವರೂ ಹೂಂ ಎಂದರು. ಉಳಿದದ್ದು ಐದನೆಯ ಮನೆ, ಸರಿಯಾಗಿ ನನ್ನ ಎದುರಿನದು. ಮಂಗಳೂರಿನ ಶೆಣೈಯವರದು.

ಶೆಣೈಯವರ ಅಂಗಳದಲ್ಲಿ ಒಂದು ನಿಂಬೆ ಮರವಿದೆ. ಎಷ್ಟು ಗೊಬ್ಬರ ಹಾಕಿದರೂ ಒಂದು ಕಾಯಿ ಬಿಟ್ಟದ್ದಿಲ್ಲ. ಮೂರು ವರ್ಷದ ಹಿಂದೆ ಒಂದು ಮುಂಜಾನೆ ಅದರಲ್ಲಿ ಹನ್ನೆರಡು ಹಣ್ಣು ತೂಗುತ್ತಿದ್ದವು. ಶೆಣೈಯವರು ಫೋಟೋ ತೆಗೆದು ಮಂಗಳೂರಿನ ಬಂಧುಬಳಗಕ್ಕೆಲ್ಲ ಕಳಿಸಿದರು, ಮೊದಲ ಹಣ್ಣನ್ನು ದೇವರ ಮುಂದಿಟ್ಟರು. ಉಪ್ಪಿನಕಾಯಿಗೆಂದು ಎರಡನೆಯದನ್ನು ತೊಳೆಯುವಾಗ ನೋಡಿದರೆ ಅದರ ಬೆನ್ನಿಗೆ ಗ್ರೋಸರಿ ಅಂಗಡಿಯ ಸ್ಟಿಕ್ಕರು ಅಂಟಿಕೊಂಡಿತ್ತು. ಕಟ್ಟಿದವರು ಯಾರೆಂದು ಬೀದಿಗೆಲ್ಲ ಗುಮಾನಿ ಇತ್ತು, ಸಾಕ್ಷಿ ಇರಲಿಲ್ಲ. ನಾನಂತೂ ವಿದ್ಯೆ ಬಲ್ಲವನು.

ಚುನಾವಣೆಯ ದಿನ ಬೆಳಿಗ್ಗೆ ನಾಲ್ಕನೆಯ ಸಲ ಶೆಣೈಯವರ ಮನೆಗೆಂದು ಬೀದಿ ದಾಟಿದೆ. ಶೆಣೈಯವರು ಪೈಪು ಹಿಡಿದು ನೀರು ಬಿಡುತ್ತಿದ್ದರು.

"ಶೆಣೈಯವರೇ, ಆ ವ್ಯಾನಿನ ವಿಷಯ..."

"ನಿಮ್ಮ ವ್ಯಾನು ಅಲ್ಲೇ ಇರಲಿ ಮಾರಾಯ್ರೇ. ನನ್ನದೊಂದು ಪ್ರಶ್ನೆ ಉಂಟು, ಮೂರು ವರ್ಷದ್ದು. ಆ ಲಿಂಬೆ ಕಟ್ಟಿದ್ದು ಯಾರು? ಅದನ್ನು ಹೇಳಿ, ಮತ್ತೆ ವೋಟಿನ ಮಾತು."

"ಯಾವುದೋ ಮಕ್ಕಳ ಕೆಲಸ ಇರ್ಬೇಕು."

"ಮಕ್ಕಳಿಗೆ ಹಸಿರು ರೇಷ್ಮೆ ದಾರ ಎಲ್ಲಿಂದ ಸಿಗ್ಬೇಕು? ಎಲೆ ಬಣ್ಣಕ್ಕೆ ಹೊಂದಿಸಿ ಕಟ್ಟಿದ್ದಾರೆ. ಎಂತ ಕಲಾವಿದ!"

ಹೊಗಳಿಕೆ ಕೇಳಿ ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಒಂದು ಕಡೆ ಅರವತ್ತು ವರ್ಷದ ಕೀರ್ತಿ, ಇನ್ನೊಂದು ಕಡೆ ವ್ಯಾನು. ವ್ಯಾನಿಲ್ಲದ ನಾನು ಬೆಳಗಿನಿಂದ ಸಂಜೆವರೆಗೆ ಸರೋಜಳನ್ನೊಬ್ಬಳನ್ನೇ ರೇಗಿಸಿಕೊಂಡಿರಬೇಕು. ಅವಳ ತಾಳ್ಮೆಗೂ ಒಂದು ಗೆರೆ ಇದೆ, ಅದು ಯಾವ ಬೀದಿಯ ಮಧ್ಯೆ ಹೋಗಿದೆ ಎಂದು ನನಗೆ ಚೆನ್ನಾಗಿ ಗೊತ್ತು.

"ನಾನೇ ಕಟ್ಟಿದ್ದು," ಎಂದೆ.

"ಜೋರಾಗಿ ಹೇಳಿ, ನನ್ನ ಕಿವಿ ಸ್ವಲ್ಪ ಮಂದ."

"ಹನ್ನೆರಡೂ ನಾನೇ ಕಟ್ಟಿದ್ದು ಶೆಣೈಯವರೇ! ಸರೋಜನ ಹೊಲಿಗೆ ಡಬ್ಬಿ ದಾರದಲ್ಲಿ!"

ಬೀದಿಯ ಈಚೆ ನಮ್ಮ ಮನೆ ಬಾಗಿಲಿನಿಂದ ಸರೋಜ, "ಆ ದಾರ ಮೂರು ವರ್ಷದಿಂದ ಹುಡುಕ್ತಿದ್ದೀನ್ರೀ!" ಎಂದು ಕೂಗಿದಳು.

ಶೆಣೈಯವರು ನಿಧಾನವಾಗಿ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡರು. "ಆಯ್ತು. ಈಗ ಮನಸ್ಸಿಗೆ ಸಮಾಧಾನ ಆಯ್ತು."

"ಹಾಗಾದ್ರೆ ನಡೀರಿ, ವೋಟಿನ ಡಬ್ಬಿವರೆಗೆ ನಾನೂ ಬರ್ತೀನಿ."

"ಎಂತಕ್ಕೆ? ನಾನು ಮತಪತ್ರ ಬಂದ ದಿನವೇ ತುಂಬಿಸಿ ಹಾಕಿ ಆಗಿದೆ."

"ಯಾರಿಗೆ?"

"ಅದು ಗುಪ್ತ ಮತದಾನ ಅಲ್ವಾ ಮಾರಾಯ್ರೇ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆಯಮ್ಮ ಗೆದ್ದರು. ವ್ಯಾನು ಇವತ್ತಿಗೂ ಬರುತ್ತಿದೆ. ಸೆಂಟರಿಗೆ ಮತ್ತೆ ಬಂದಾಗ ಆಕೆ ನನ್ನ ಕೈ ಕುಲುಕಿ ಬೀದಿಯ ವಿಷಯ ಕೇಳಿದರು. ಎಲ್ಲಾ ನಾನು ಹೇಳಿದ ಹಾಗೇ ಆಯಿತು ಎಂದೆ. ಐದನೆಯ ವೋಟು ಎಲ್ಲಿಗೆ ಹೋಯಿತೆಂದು ನನಗೆ ಇಂದಿಗೂ ಗೊತ್ತಿಲ್ಲವೆಂಬುದನ್ನು ಅವರಿಗೇಕೆ ಹೇಳಲಿ?

ಅವತ್ತು ವ್ಯಾನಿನಿಂದ ಇಳಿದು ಬಂದರೆ ನಮ್ಮ ಹೊಸ್ತಿಲ ಮೇಲೆ ಒಂದೇ ಒಂದು ನಿಂಬೆಹಣ್ಣು ಕೂತಿತ್ತು. ತೊಟ್ಟಿನಲ್ಲಿ ಎರಡು ಎಲೆ. ಬೆನ್ನಿನ ಮೇಲೆ, ಮತಪತ್ರದ ಜೊತೆ ಕಳಿಸುತ್ತಾರಲ್ಲ, 'ನಾನು ಮತ ಹಾಕಿದೆ' ಎಂಬ ದುಂಡನೆಯ ಸ್ಟಿಕ್ಕರು. ಮರದ್ದೋ ಅಂಗಡಿಯದೋ ಎಂದು ತಿರುಗಿಸಿ ತಿರುಗಿಸಿ ಮೂಸಿದೆ, ತಿಳಿಯಲಿಲ್ಲ. ಎದುರಿಗೆ ಶೆಣೈಯವರು ಎಂದಿನಂತೆ ನೀರು ಬಿಡುತ್ತಿದ್ದರು. ಹಣ್ಣನ್ನು ಎತ್ತಿ ಹಿಡಿದು, "ಶೆಣೈಯವರೇ, ಈ ನಿಂಬೆಹಣ್ಣು ಇಟ್ಟಿದ್ದು ನೀವೇ ತಾನೇ?" ಎಂದು ಕೂಗಿದೆ.

ಅವರು ತಲೆ ಕೂಡ ಎತ್ತಲಿಲ್ಲ.

"ಯಾವ ಲಿಂಬೆ?" ಎಂದರು.